ತೋಟದ ದಾರಿಗೆ ಡೀಸೆಲ್ಲೋ ಪೆಟ್ರೋಲೋ: ಪಿಕಪ್, ಜೀಪು ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಮಲೆನಾಡಿನಲ್ಲಿ ಜೀಪು ಎಂದರೆ ಡೀಸೆಲ್ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ಪೆಟ್ರೋಲ್ ಜೀಪಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಮಳೆಗಾಲದ ತೇವ ಹೊಕ್ಕರೆ ಹಳ್ಳದ ಮಧ್ಯದಲ್ಲೇ ಗಾಡಿ ನಿಂತುಬಿಡುತ್ತಿತ್ತು. ಪೂಜೋ ಡೀಸೆಲ್ ಎಂಜಿನ್ನಿನ ಮಹೀಂದ್ರ ಎಂಎಂ540 ಬಂದ ಮೇಲೆ ಆ ತಾಪತ್ರಯ ಹೋಯಿತು. ಅದಕ್ಕೆ ಕಿಡಿ ಬೇಡ, ಪ್ಲಗ್ಗು ಬೇಡ. ಎಂಜಿನ್ ಒಮ್ಮೆ ಹಿಡಿದರೆ ಗೊಬ್ಬರದ ಮೂಟೆ ಹೊತ್ತು ಮೊದಲ ಗೇರಿನಲ್ಲಿ ದಿನವಿಡೀ ತೆವಳುತ್ತಿತ್ತು.

ಈ ಲೆಕ್ಕ 2020ರ ಏಪ್ರಿಲ್ 1ಕ್ಕೆ ಬದಲಾಯಿತು. ಅಂದು ಜಾರಿಗೆ ಬಂದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮದಿಂದಾಗಿ ಡೀಸೆಲ್ ಗಾಡಿಯ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿತು. ಅದೇ ತಿಂಗಳಿಂದ ಮಾರುತಿ ಡೀಸೆಲ್ ಗಾಡಿಗಳನ್ನೇ ನಿಲ್ಲಿಸಿತು. ಇನ್ನೊಂದು ಕಡೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಎಂಜಿನ್ನುಗಳು ಬಂದವು. ಹಾಗಾಗಿ ಇಂದು ಕೇಳಬೇಕಾದ ಪ್ರಶ್ನೆ ಯಾವ ಎಂಜಿನ್ ಬಲಶಾಲಿ ಎಂಬುದಲ್ಲ, ನಿಮ್ಮ ಗಾಡಿ ದಿನಕ್ಕೆ ಹೇಗೆ ಓಡುತ್ತದೆ ಎಂಬುದು. ಇಂದಿನ ಡೀಸೆಲ್ಲಿಗೆ ಬಿಸಿಯಾಗುವಷ್ಟು ದುಡಿಮೆ ಬೇಕು. ಆ ದುಡಿಮೆ ಕೊಡಲಾಗದವರು ಡೀಸೆಲ್ ಕೊಂಡರೆ ಅದು ಗ್ಯಾರೇಜಿನಲ್ಲೇ ಕೂರುತ್ತದೆ.

ಮೊದಲು ಹದಿನೈದು ದಿನ ಬರೆದಿಡಿ

ಶೋರೂಮಿಗೆ ಹೋಗುವ ಮುನ್ನ ಈಗಿರುವ ಗಾಡಿಯಲ್ಲೋ ಬಾಡಿಗೆ ಪಿಕಪ್ಪಿನಲ್ಲೋ ಹದಿನೈದು ದಿನದ ಓಡಾಟವನ್ನು ಪುಸ್ತಕದಲ್ಲಿ ಬರೆದಿಡಿ. ಪ್ರತಿ ಸಲಕ್ಕೂ ನಾಲ್ಕು ವಿಷಯ ಸಾಕು: ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು ಎಂಜಿನ್ ಚಾಲೂ ಇತ್ತು, ಎಷ್ಟು ತೂಕ ಹೇರಿತ್ತು, ಮತ್ತು ಬಿಡದೆ 50-60 ಕಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ಓಡಿದ್ದು ಎಷ್ಟು ಸಲ.

ನಾಲ್ಕನೆಯದೇ ಮುಖ್ಯ, ಕಾರಣ ಮುಂದೆ ಬರುತ್ತದೆ. ಎರಡನೆಯದನ್ನೂ ಬಿಡಬೇಡಿ. ತೋಟದೊಳಗೆ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರಾದ ಲೋ ರೇಂಜ್‌ನಲ್ಲಿ ಐದು ಗಂಟೆ ಸುತ್ತಿದರೆ ಮೀಟರಿನಲ್ಲಿ ಮೂವತ್ತು ಕಿಲೋಮೀಟರ್ ಕೂಡ ಏರಿರುವುದಿಲ್ಲ, ಆದರೆ ಎಂಜಿನ್ ಮತ್ತು ಆಯಿಲ್ ಐದು ಗಂಟೆ ದುಡಿದಿರುತ್ತವೆ. ಇಂಥ ಗಾಡಿಗೆ ಮೀಟರ್ ನೋಡಿ ಸರ್ವೀಸ್ ಮಾಡಿಸುವುದು ತಪ್ಪು. ಒಂದು ಗಂಟೆಯ ದುಡಿಮೆಯನ್ನು ಸುಮಾರು 40 ಕಿ.ಮೀ. ಎಂದು ಹಿಡಿದು ಆಯಿಲ್ ಬದಲಿಸಿ.

ಎಳೆತದ ಲೆಕ್ಕ: ಎಂಜಿನ್‌ಗಿಂತ ಮೊದಲು ಗೇರು

ಗಾಡಿ, ಲೋಡು, ಜನ ಸೇರಿ 2500 ಕಿಲೋ ಎಂದಿಟ್ಟುಕೊಳ್ಳಿ. ದಾರಿ ಐದಡಿ ಮುಂದೆ ಹೋದರೆ ಒಂದಡಿ ಏರುತ್ತದೆ. ಏರಿಗೇ ಸುಮಾರು 500 ಕಿಲೋ ಎಳೆತ ಬೇಕು. ಹಸಿ ಕೆಸರಿಗೆ ಇನ್ನೊಂದು 200 ಕಿಲೋ ಸೇರಿಸಿ, ಒಟ್ಟು 700. ಚಕ್ರದ ನಡುವಿನಿಂದ ನೆಲಕ್ಕೆ 35 ಸೆಂಟಿಮೀಟರ್ ಇದ್ದರೆ ಚಕ್ರಗಳಲ್ಲಿ ಸುಮಾರು 2400 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕಾಗುತ್ತದೆ. ಮೊದಲ ಗೇರು ಮತ್ತು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ ಸೇರಿ ಎಂಜಿನ್ನಿನ ಎಳೆತವನ್ನು 16 ಪಟ್ಟು ಹೆಚ್ಚಿಸುತ್ತವೆ, ದಾರಿಯಲ್ಲಿ ನೂರಕ್ಕೆ 15 ಪಾಲು ಸೋರಿಹೋಗುತ್ತದೆ ಎಂದರೆ ಎಂಜಿನ್ ಕೊಡಬೇಕಾದದ್ದು 176 ಎನ್‌ಎಂ.

ಈಗ ಅದೇ ಗಾಡಿಗೆ 2ಕ್ಕೆ 1ರ ಲೋ ರೇಂಜ್ ಇದೆಯೆನ್ನಿ. ಬೇಕಾದ ಟಾರ್ಕ್ ಅರ್ಧಕ್ಕಿಳಿದು 88 ಆಗುತ್ತದೆ. ಲೋ ರೇಂಜ್ ಇರುವ ಗಾಡಿಯಲ್ಲಿ ಪೆಟ್ರೋಲಿಗೂ ಏರು ಹತ್ತುವ ಶಕ್ತಿ ಇದೆ. ಮಾರುತಿ ಜಿಮ್ನಿ ಇದಕ್ಕೆ ಸಾಕ್ಷಿ: 1.5 ಲೀಟರಿನ ಟರ್ಬೊ ಇಲ್ಲದ ಎಂಜಿನ್, 134 ಎನ್‌ಎಂ, ಅದೂ 4000 ಆರ್‌ಪಿಎಂನಲ್ಲಿ. ಆದರೂ ಹತ್ತುತ್ತದೆ, ಏಕೆಂದರೆ ಗಾಡಿಯ ತೂಕವೇ ಸುಮಾರು 1200 ಕಿಲೋ, ಜೊತೆಗೆ ಲೋ ರೇಂಜ್ ಇದೆ. ಲೋ ರೇಂಜ್ ಇಲ್ಲದ ಹಿಂಚಕ್ರದ ಪಿಕಪ್ಪಿನಲ್ಲಿ ಒಂದೂವರೆ ಟನ್ ಹೇರಿ ಅದೇ ಏರು ಹತ್ತಬೇಕಾದರೆ ಕ್ಲಚ್ ಬಿಡುವ ಹೊತ್ತಿಗೇ ಪೂರ್ತಿ ಎಳೆತ ಬೇಕು. ಅಲ್ಲಿ ಟರ್ಬೊ ಇಲ್ಲದ ಪೆಟ್ರೋಲಿಗೆ ಕ್ಲಚ್ ಸುಡುವುದೇ ಗತಿ.

ಕ್ಯಾಟಲಾಗಿನ ಟಾರ್ಕ್ ಅಂಕಿಯನ್ನು ಮಾತ್ರ ನೋಡಿ ಮೋಸಹೋಗಬೇಡಿ. 2020ರ ಮಹೀಂದ್ರ ಥಾರ್‌ನ ಮ್ಯಾನ್ಯುಯಲ್ ಗಾಡಿಗಳಲ್ಲಿ 2.2 ಲೀಟರ್ ಡೀಸೆಲ್ಲಿಗೂ 2.0 ಲೀಟರ್ ಟರ್ಬೊ ಪೆಟ್ರೋಲಿಗೂ 300 ಎನ್‌ಎಂ. ಪೆಟ್ರೋಲಿನಲ್ಲಿ ಅದು 1250 ಆರ್‌ಪಿಎಂಗೇ ಸಿಗುತ್ತದೆ, ಡೀಸೆಲ್ಲಿನಲ್ಲಿ 1600ಕ್ಕೆ. ‘ಕೆಳಗಿನ ಎಳೆತ ಡೀಸೆಲ್ಲಿನದೇ’ ಎಂಬ ಹಳೆಯ ಮಾತು ಇಲ್ಲಿ ತಲೆಕೆಳಗು. ಹಾಗಾದರೆ ವ್ಯತ್ಯಾಸ ಎಲ್ಲಿ? ಇಂಧನದಲ್ಲಿ. ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಮೇಲೆ ಅವಲಂಬನೆಯಿಲ್ಲ, ಬೇಕಾದಷ್ಟೇ ಡೀಸೆಲ್ ಚಿಮ್ಮಿಸಿ ನಡೆಯುತ್ತದೆ. ಐಡಲ್‌ನಲ್ಲೂ ಅರ್ಧ ಲೋಡಿನಲ್ಲೂ ಕುಡಿಯುವುದು ಕಡಿಮೆ. ಟರ್ಬೊ ಪೆಟ್ರೋಲ್ ಹೆಚ್ಚು ಹೊತ್ತು ಭಾರ ಎಳೆದರೆ ಒಳಗಿನ ಬಿಸಿ ತಗ್ಗಿಸಲು ಹೆಚ್ಚುವರಿ ಪೆಟ್ರೋಲ್ ಸುರಿದುಕೊಳ್ಳುತ್ತದೆ. ಖಾಲಿ ಗಾಡಿಯ ಮೈಲೇಜಿಗೂ ಲೋಡು ಗಾಡಿಯ ಮೈಲೇಜಿಗೂ ಅಂತರ ಪೆಟ್ರೋಲಿನಲ್ಲಿ ಬಲು ದೊಡ್ಡದು.

ಟರ್ಬೊ ಪೆಟ್ರೋಲ್ ಓಡಿಸುವವರಿಗೆ ಒಂದು ಎಚ್ಚರಿಕೆ. ಎತ್ತರದ ಗೇರಿನಲ್ಲಿ, 1500 ಆರ್‌ಪಿಎಂಗೂ ಕೆಳಗೆ, ಎಕ್ಸಲರೇಟರ್ ಪೂರ್ತಿ ಒತ್ತಿ ಹತ್ತಿಸಬೇಡಿ. ಕಿಡಿ ಹಾರುವ ಮುನ್ನವೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಗೇರು ಇಳಿಸಿ. ಹಳೆಯ ಡೀಸೆಲ್ ಓಡಿಸಿ ಅಭ್ಯಾಸವಾದ ಕೈಗಳು ಮಾಡುವ ತಪ್ಪು ಇದೇ.

ಹಣದ ಲೆಕ್ಕ

ಸೂತ್ರ ಸರಳ: ಡೀಸೆಲ್ ಗಾಡಿಗೆ ಕೊಡುವ ಹೆಚ್ಚುವರಿ ಹಣವನ್ನು ಪ್ರತಿ ಕಿಲೋಮೀಟರಿಗೆ ಉಳಿಯುವ ಹಣದಿಂದ ಭಾಗಿಸಿ. ಹೆಚ್ಚುವರಿ ಹಣ ಎಂದರೆ ಶೋರೂಮ್ ಬೆಲೆಯ ಅಂತರ ಮಾತ್ರವಲ್ಲ. ಜೀವಾವಧಿ ತೆರಿಗೆ ಮತ್ತು ವಿಮೆ ಗಾಡಿಯ ಬೆಲೆಯ ಮೇಲೆ ಏರುವುದರಿಂದ ಅಂತರವೂ ಏರುತ್ತದೆ. ಆನ್ ರೋಡ್ ಬೆಲೆಗಳನ್ನೇ ಹೋಲಿಸಿ.

ಉದಾಹರಣೆಗೆ ಆನ್ ರೋಡ್ ಅಂತರ 1,75,000 ರೂಪಾಯಿ. ಡೀಸೆಲ್ ಲೀಟರಿಗೆ 91, ಪೆಟ್ರೋಲ್ 103. ಡೀಸೆಲ್ 13 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 7 ರೂಪಾಯಿ, ಪೆಟ್ರೋಲ್ 9 ಕೊಟ್ಟರೆ 11 ರೂಪಾಯಿ 44 ಪೈಸೆ. ಉಳಿತಾಯ 4.44. ಡೀಸೆಲ್ ಫಿಲ್ಟರ್, ಹೆಚ್ಚು ಆಯಿಲ್, ದೊಡ್ಡ ಬ್ಯಾಟರಿ ಇವಕ್ಕೆ ಕಿಲೋಮೀಟರಿಗೆ 40 ಪೈಸೆ ಕಳೆಯಿರಿ, ಉಳಿದದ್ದು 4.04. ಹಾಕಿದ ಹಣ ವಾಪಸಾಗಲು ಸುಮಾರು 43,300 ಕಿ.ಮೀ. ಬೇಕು. ತಿಂಗಳಿಗೆ 1200 ಕಿ.ಮೀ. ಓಡಿಸುವವರಿಗೆ ಮೂರು ವರ್ಷ, 400 ಓಡಿಸುವವರಿಗೆ ಒಂಬತ್ತು ವರ್ಷ. ನಿಮ್ಮ ಊರಿನ ಬಂಕಿನ ಇಂದಿನ ದರ ಹಾಕಿ ಇದನ್ನು ಮತ್ತೆ ಮಾಡಿ.

ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಲೆಕ್ಕಗಳನ್ನು ಇಲ್ಲಿಗೆ ತರಬೇಡಿ. ಅಲ್ಲಿ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ, ಪಿಕಪ್ಪಿಗೆ ಐದಾರು ಲೀಟರಿಗೂ ಮೀರಿದ ಪೆಟ್ರೋಲ್ ಎಂಜಿನ್ ಸಿಗುತ್ತದೆ, ರಸ್ತೆ ಬೇರೆ, ದೂರ ಬೇರೆ.

ಮಸಿ ಫಿಲ್ಟರ್: ನಿರ್ಧಾರ ಆಗಬೇಕಾದದ್ದು ಇಲ್ಲಿ

ಡೀಸೆಲ್ ಉರಿದಾಗ ಉಳಿಯುವ ಮಸಿಯನ್ನು ಡಿಪಿಎಫ್ ಎಂಬ ಜೇನುಗೂಡಿನಂಥ ಫಿಲ್ಟರ್ ಹಿಡಿದಿಡುತ್ತದೆ. ಅದು ತುಂಬುತ್ತಾ ಬಂದಾಗ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ಮನೆಯಿಂದ ಕಣಕ್ಕೆ ಎರಡು ಕಿಲೋಮೀಟರ್, ಕಣದಿಂದ ಸೊಸೈಟಿಗೆ ಮೂರು, ಮತ್ತೆ ಮನೆ: ಹೀಗೆ ಓಡುವ ಗಾಡಿಯಲ್ಲಿ ಸುಡುವ ಕೆಲಸ ಶುರುವಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ.

ಅರ್ಧಕ್ಕೆ ನಿಂತ ಪ್ರತಿ ಸಲವೂ ಎರಡು ಕೆಡುಕು. ಮಸಿ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಸುಡಲೆಂದು ಚಿಮ್ಮಿಸಿದ ಡೀಸೆಲ್ಲಿನ ಒಂದು ಪಾಲು ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರತೊಡಗಿದರೆ ಖುಷಿಪಡಬೇಡಿ. ಅದು ತೆಳುವಾದ ಆಯಿಲ್, ಟರ್ಬೊ ಬೇರಿಂಗನ್ನೂ ಕ್ರ್ಯಾಂಕ್ ಬೇರಿಂಗನ್ನೂ ತಿನ್ನುತ್ತದೆ. ಮೇಲಿನ ಗೆರೆ ದಾಟಿದ್ದರೆ ಸರ್ವೀಸ್ ದಿನ ಕಾಯದೆ ಆಯಿಲ್ ಬದಲಿಸಿ. ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಿ. ಟ್ರ್ಯಾಕ್ಟರಿಗೆ ತಂದಿಟ್ಟ ಆಯಿಲ್ ಸುರಿದರೆ ಅದರ ಬೂದಿ ಫಿಲ್ಟರಿನಲ್ಲಿ ಕೂರುತ್ತದೆ, ಬೂದಿಯನ್ನು ಯಾವ ಬಿಸಿಯೂ ಸುಡಲಾರದು.

ಸುಡುವಿಕೆ ನಡೆದಿದೆ ಎಂದು ತಿಳಿಯುವುದು ಹೀಗೆ: ಐಡಲ್ ಆರ್‌ಪಿಎಂ ನೂರಿನ್ನೂರು ಹೆಚ್ಚಿರುತ್ತದೆ, ರೇಡಿಯೇಟರ್ ಫ್ಯಾನ್ ಕಾರಣವಿಲ್ಲದೆ ತಿರುಗುತ್ತಿರುತ್ತದೆ, ಡ್ಯಾಶ್‌ಬೋರ್ಡಿನ ಮೈಲೇಜ್ ಬೀಳುತ್ತದೆ, ಬಿಸಿ ಲೋಹದ ವಾಸನೆ ಬರುತ್ತದೆ. ಆಗ ಎಂಜಿನ್ ಆರಿಸಬೇಡಿ. ಹೆದ್ದಾರಿಗೆ ತಿರುಗಿ ಮೂರು ಅಥವಾ ನಾಲ್ಕನೇ ಗೇರಿನಲ್ಲಿ 2000 ಆರ್‌ಪಿಎಂ ಮೇಲಿಟ್ಟು ಇಪ್ಪತ್ತು ನಿಮಿಷ ಓಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದ ಮೇಲೂ ಉದಾಸೀನ ಮಾಡಿದರೆ ಎಂಜಿನ್ ಶಕ್ತಿ ತಗ್ಗಿಸಿಕೊಂಡು ತೆವಳುತ್ತದೆ. ಅಲ್ಲಿಂದ ಮುಂದೆ ಸರ್ವೀಸ್ ಸೆಂಟರಿನ ಸ್ಕ್ಯಾನರ್ ಇಲ್ಲದೆ ಬಿಡಿಸಲಾಗದು. ಜನವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಜಾಗ್ರತೆ: ಸುಡುವ ಹೊತ್ತಿನಲ್ಲಿ ತರಗೆಲೆ, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ತೋಟಕ್ಕೇ ಬೆಂಕಿ ಬೀಳಬಹುದು.

ನಿಮ್ಮ ಹದಿನೈದು ದಿನದ ಪುಸ್ತಕದಲ್ಲಿ ಇಪ್ಪತ್ತು ನಿಮಿಷದ ಓಟ ವಾರಕ್ಕೆ ಒಂದೂ ಇಲ್ಲವೆಂದರೆ ಪೆಟ್ರೋಲ್ ಕೊಳ್ಳಿ. ವಾರಕ್ಕೆರಡು ಸಲ ತಾಲ್ಲೂಕು ಕೇಂದ್ರಕ್ಕೋ ಮಾರುಕಟ್ಟೆಗೋ ಹೋಗಿಬರುವುದಿದ್ದರೆ ಡೀಸೆಲ್ಲಿಗೆ ಅಡ್ಡಿಯಿಲ್ಲ. ಡಿಪಿಎಫ್ ಕಿತ್ತುಹಾಕಿ ಕೊಡುತ್ತೇವೆ ಎನ್ನುವ ಗ್ಯಾರೇಜುಗಳ ಮಾತಿಗೆ ಮರುಳಾಗಬೇಡಿ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ, ಆ ಮಸಿ ನಿಮ್ಮ ಮಕ್ಕಳ ಶ್ವಾಸಕ್ಕೇ ಹೋಗುತ್ತದೆ.

ಕೆಲವು ಡೀಸೆಲ್ ಗಾಡಿಗಳಿಗೆ ಇದರ ಜೊತೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕ್ ಇರುತ್ತದೆ. ಅದಕ್ಕೆ ಹಾಕುವುದು ಶೇ 32.5ರ ಯೂರಿಯಾ ದ್ರಾವಣ. ಗದ್ದೆಗೆ ಹಾಕುವ ಯೂರಿಯಾ ಕಲಸಿ ಸುರಿದರೆ ಅದರ ಕಲ್ಮಶ ಪಂಪು, ನಾಜಲ್ ಎಲ್ಲವನ್ನೂ ಕಟ್ಟಿಸುತ್ತದೆ. ದ್ರಾವಣ ಪೂರ್ತಿ ಮುಗಿದರೆ, ಒಮ್ಮೆ ಆರಿಸಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಬಿಸಿಲಲ್ಲಿಟ್ಟ ಕ್ಯಾನು ಬೇಗ ಕೆಡುತ್ತದೆ, ಎರಡು ಕ್ಯಾನಿಗಿಂತ ಹೆಚ್ಚು ತಂದಿಡಬೇಡಿ.

ಹಳ್ಳ ದಾಟುವಾಗ

ಕಂಪನಿ ಹೇಳಿದ ಆಳ ಥಾರ್‌ಗೆ 650 ಮಿಲಿಮೀಟರ್, ಫೋರ್ಸ್ ಗುರ್ಖಾಕ್ಕೆ 700. ಇದು ನಿಂತ ನೀರಿನ ಮಾತು, ಹರಿಯುವ ಹೊಳೆಯದ್ದಲ್ಲ. ಕಿಡಿ ಬೇಡದ ಡೀಸೆಲ್ ನೀರಿನಲ್ಲಿ ಆರುವುದಿಲ್ಲ ಎಂಬ ನಂಬಿಕೆಯನ್ನು ಇಂದಿನ ಗಾಡಿಯಲ್ಲಿ ಬಿಟ್ಟುಬಿಡಿ, ಎರಡಕ್ಕೂ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಇದ್ದೇ ಇದೆ.

ನಿಜವಾದ ವ್ಯತ್ಯಾಸ ನೀರು ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ಹೊಕ್ಕಾಗ ಗೊತ್ತಾಗುತ್ತದೆ. 2.2 ಲೀಟರ್ ಡೀಸೆಲ್ಲಿನ ಒಂದು ಸಿಲಿಂಡರ್ ಸುಮಾರು 550 ಮಿ.ಲೀ. ಒತ್ತುವಿಕೆ 16ಕ್ಕೆ 1 ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 37 ಮಿ.ಲೀ. ಮಾತ್ರ. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ನೀರು ಅದುಮಿದರೆ ಕುಗ್ಗುವುದಿಲ್ಲ. 2 ಲೀಟರ್ ಪೆಟ್ರೋಲಿನಲ್ಲಿ, 10ಕ್ಕೆ 1ರ ಲೆಕ್ಕದಲ್ಲಿ, ಸುಮಾರು 56 ಮಿ.ಲೀ. ಜಾಗ. ಹೆಚ್ಚೇನಲ್ಲ, ಆದರೆ ಪೆಟ್ರೋಲಿನಲ್ಲಿ ಇನ್ನೊಂದು ಅನುಕೂಲವಿದೆ: ದಡಕ್ಕೆಳೆದು ನಾಲ್ಕು ಪ್ಲಗ್ ಬಿಚ್ಚಿ, ಇಂಧನ ಪಂಪಿನ ಫ್ಯೂಸ್ ತೆಗೆದು ಸ್ಟಾರ್ಟರ್ ತಿರುಗಿಸಿದರೆ ನೀರು ಹೊರಚಿಮ್ಮುತ್ತದೆ. ಡೀಸೆಲ್ಲಿನಲ್ಲಿ ಗ್ಲೋ ಪ್ಲಗ್ಗೋ ಇಂಜೆಕ್ಟರೋ ಬಿಚ್ಚಬೇಕು, ಅದು ಹೊಳೆದಂಡೆಯ ಕೆಲಸವಲ್ಲ. ಎರಡರಲ್ಲೂ ಒಂದೇ ನಿಯಮ: ನೀರಿನಲ್ಲಿ ಆರಿದ ಎಂಜಿನ್ನಿಗೆ ಮತ್ತೆ ಕೀ ತಿರುಗಿಸಬೇಡಿ.

ದಾಟಿದ ಮೇಲೆ ಮನೆಗೆ ಬಂದು ಡಿಫರೆನ್ಷಿಯಲ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಹೊಕ್ಕಿದೆ. ಕೆಸರಿನ ಬಗ್ಗೆ ಒಂದೇ ಮಾತು: ಡೀಸೆಲ್ ಎಂಜಿನ್ ಭಾರ, ಮೂತಿ ಹೂಳುತ್ತದೆ, ಹಗುರವಾದ ಪೆಟ್ರೋಲ್ ಗಾಡಿ ತೇಲಿಕೊಂಡು ಹೋಗುವ ಜಾಗದಲ್ಲಿ ಭಾರದ ಗಾಡಿ ಕೂರುವುದುಂಟು.

ಇಂಧನ ಮನೆಯಲ್ಲಿಡುವವರಿಗೆ

ಟ್ರ್ಯಾಕ್ಟರ್, ಪಂಪ್‌ಸೆಟ್ಟಿಗೆ ಡೀಸೆಲ್ ಹೇಗೂ ತಂದಿಡುವವರಿಗೆ ಡೀಸೆಲ್ ಗಾಡಿ ದೊಡ್ಡ ಅನುಕೂಲ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ 2500 ಲೀಟರ್‌ವರೆಗೆ ಡೀಸೆಲ್ ಇಡಬಹುದು, ಯಾವ ಪಾತ್ರೆಯೂ 1000 ಲೀಟರ್ ಮೀರಬಾರದು. ಪೆಟ್ರೋಲಿಗೆ ಮಿತಿ 30 ಲೀಟರ್. ಅದಕ್ಕೆ ಕಾರಣವೂ ಇದೆ, ಪೆಟ್ರೋಲಿನ ಆವಿ ಸಾಧಾರಣ ಹವೆಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ, ನೀರು ಹೀರುವ ಗುಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದ ತೇವದ ಗಾಳಿಯಿಂದಲೇ ನೀರು ಸೇರುವುದು. ಹಳೆಯ ಕಾರ್ಬುರೇಟರ್ ಜೀಪಿದ್ದರೆ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ.

ಡೀಸೆಲ್ಲಿನ ಶತ್ರು ಡ್ರಮ್ಮಿನ ತಳದ ನೀರು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಇಂಧನದ ಒತ್ತಡ 1600 ಬಾರ್ ದಾಟುತ್ತದೆ. ಪಂಪು, ಇಂಜೆಕ್ಟರಿಗೆ ಜಾರುಗುಣ ಕೊಡುವುದು ಡೀಸೆಲ್ಲೇ, ನೀರು ಬಂದರೆ ಅವು ಗೀಚಿಹೋಗುತ್ತವೆ. ಡ್ರಮ್ಮಿನ ತಳದ ನಾಲ್ಕು ಬೆರಳಷ್ಟನ್ನು ಗಾಡಿಗೆ ಹಾಕಬೇಡಿ. ಫಿಲ್ಟರಿನ ನೀರು ತೆಗೆಯುವ ಕ್ರಮ ಕಲಿತಿಡಿ:

1. ಎಂಜಿನ್ ಆರಿಸಿ, ತಣಿಯಲು ಬಿಡಿ. ಫಿಲ್ಟರಿನ ಕೆಳಗೆ ಪಾರದರ್ಶಕ ಲೋಟ ಹಿಡಿಯಿರಿ.
2. ತಳದ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸಿ. ಮೊದಲು ನೀರು, ಆಮೇಲೆ ಡೀಸೆಲ್ ಬರುತ್ತದೆ. ಸಾಮಾನ್ಯವಾಗಿ ಅರ್ಧ ಲೋಟ ಸಾಕು.
3. ತಿರುಪು ಬಿಗಿಮಾಡಿ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಒಳಸೇರಿದ ಗಾಳಿ ಹೊರಹೋಗಲಿ. ಕೈಪಂಪ್ ಇಲ್ಲದಿದ್ದರೆ ಕೀಯನ್ನು ಮೂರ್ನಾಲ್ಕು ಸಲ ಆನ್ ಮಾಡಿ ಹತ್ತು ಸೆಕೆಂಡ್ ಬಿಡಿ.
4. ಸ್ಟಾರ್ಟ್ ಮಾಡಿ ಸೋರಿಕೆ ನೋಡಿ. ಎಂಜಿನ್ ಓಡುವಾಗ ಇಂಜೆಕ್ಟರಿನ ಉಕ್ಕಿನ ಪೈಪುಗಳನ್ನು ಎಂದೂ ಸಡಿಲಿಸಬೇಡಿ, ಆ ಒತ್ತಡದ ಎಳೆ ಚರ್ಮ ಸೀಳಿ ಒಳಹೋಗುತ್ತದೆ.

ಡೀಸೆಲ್ ಪೂರ್ತಿ ಮುಗಿಸಿ ಗಾಡಿ ನಿಂತರೂ ಇದೇ ಗಾಳಿ ತೆಗೆಯುವ ಕೆಲಸ ಬೀಳುತ್ತದೆ. ಪೆಟ್ರೋಲಿಗೆ ಆ ಕಷ್ಟವಿಲ್ಲ, ಹಾಕಿ ಓಡಿಸಬಹುದು. ಬಂಕಿನಲ್ಲಿ ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಕೀ ಆನ್ ಕೂಡ ಮಾಡಬೇಡಿ, ಟ್ಯಾಂಕಿನೊಳಗಿನ ಪಂಪು ಅದನ್ನು ಮುಂದಕ್ಕೆ ತಳ್ಳಿಬಿಡುತ್ತದೆ. ತಳ್ಳಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ.

ಎತ್ತರದ ಊರಿನ ಚಿಂತೆ ನಮಗೆ ಹೆಚ್ಚಿಲ್ಲ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್, ಅಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಐದರಲ್ಲೊಂದು ಪಾಲು ಶಕ್ತಿ ಕಳೆದುಕೊಂಡೀತು. ಗಾಡಿ ತೆಗೆದುಕೊಂಡು ಲಡಾಖಿಗೆ ಹೋಗುವವರು ಮಾತ್ರ ನೆನಪಿಡಿ: ಚಳಿಯಲ್ಲಿ ಸಾಮಾನ್ಯ ಡೀಸೆಲ್ ಮೇಣದಂತೆ ಕಟ್ಟುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು.

ಅಂಗಡಿಯಲ್ಲಿ ಇರುವುದೇನು

ಡಬಲ್ ಕ್ಯಾಬ್ ಪಿಕಪ್ ಬೇಕೆಂದರೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡೂ ಡೀಸೆಲ್. ಗುರ್ಖಾ ಡೀಸೆಲ್ ಮಾತ್ರ, ಜಿಮ್ನಿ ಪೆಟ್ರೋಲ್ ಮಾತ್ರ. ಎರಡೂ ಎಂಜಿನ್ನಿನಲ್ಲಿ ಫೋರ್‌ವೀಲ್ ಡ್ರೈವ್ ಕೊಟ್ಟದ್ದು ಮೂರು ಬಾಗಿಲಿನ ಥಾರ್. 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಫೋರ್‌ವೀಲ್ ಡ್ರೈವ್ ಡೀಸೆಲ್ಲಿಗಷ್ಟೇ. ಸರಕು ಗಾಡಿಯಲ್ಲಿ ಟಾಟಾ ಏಸ್ ವರ್ಗದಲ್ಲಿ ಪೆಟ್ರೋಲ್, ಸಿಎನ್‌ಜಿ ಸಿಗುತ್ತದೆ. ಊರೊಳಗೆ ಹಾಲು, ತರಕಾರಿ, ಸಿಲಿಂಡರ್ ಹಂಚುವವರಿಗೆ ಅದೇ ಸರಿ, ನಿಂತು ನಿಂತು ಓಡುವ ಕೆಲಸಕ್ಕೆ ಡೀಸೆಲ್ ಮಸಿ ಕಟ್ಟುತ್ತದೆ. ಒಂದೂವರೆ ಟನ್ ಹೇರಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ವಾರಕ್ಕೆ ಮೂರು ಸಲ ಹತ್ತಿಳಿಯುವ ಪಿಕಪ್ಪಿಗೆ ಡೀಸೆಲ್ ಬಿಟ್ಟು ಬೇರೆ ಮಾತಿಲ್ಲ, ಮಸಿ ಫಿಲ್ಟರಿಗೂ ಅಲ್ಲಿ ಬೇಕಾದಷ್ಟು ಬಿಸಿ ಸಿಗುತ್ತದೆ. ಲಾರಿಯಲ್ಲಿ ಪೆಟ್ರೋಲಿನ ಪ್ರಶ್ನೆಯೇ ಏಳುವುದಿಲ್ಲ.

ಹಳೆಯ ಡೀಸೆಲ್ ಕೊಳ್ಳುವವರು ದಾಖಲೆಯಲ್ಲಿ ಮೊದಲು ನೋಂದಣಿಯಾದ ಊರು ನೋಡಿ. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ ತಡೆ ಬಿದ್ದ ಮೇಲೆ ಅಲ್ಲಿನ ಗಾಡಿಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳಿಗೆ ಬರುತ್ತಿವೆ. ಅಲ್ಲಿನ ಎನ್‌ಒಸಿ, ಇಲ್ಲಿ ಕಟ್ಟಬೇಕಾದ ತೆರಿಗೆ ಸೇರಿಸಿದರೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ಟೆಸ್ಟ್ ಡ್ರೈವ್ ದಿನ

ಬೆಳಿಗ್ಗೆ ಮೊದಲ ಸ್ಟಾರ್ಟಿಗೇ ಹೋಗಿ, ಬಾನೆಟ್ ಮುಟ್ಟಿ ತಣ್ಣಗಿದೆಯೇ ನೋಡಿ. ಹಳೆಯ ಡೀಸೆಲ್ಲಾದರೆ ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತೆರೆದು ಸಡಿಲವಾಗಿ ಮೇಲಿಡಿ. ಹೊಗೆಯ ಒತ್ತಡಕ್ಕೆ ಅದು ಕುಣಿದರೆ ಪಿಸ್ಟನ್ ರಿಂಗ್ ಸವೆದಿವೆ. ಬಿಡದ ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಎಸ್6 ಡೀಸೆಲ್ಲಿನ ಸೈಲೆನ್ಸರ್ ತುದಿಗೆ ಬೆರಳಾಡಿಸಿ, ದಪ್ಪ ಕಪ್ಪು ಮಸಿ ಹತ್ತಿದರೆ ಡಿಪಿಎಫ್ ಒಡೆದಿದೆ ಅಥವಾ ಯಾರೋ ಕಿತ್ತಿದ್ದಾರೆ.

ಆಮೇಲೆ ನಾಲ್ಕೈದು ಜನರನ್ನೂ ಸಾಧ್ಯವಾದರೆ ಮೂಟೆಗಳನ್ನೂ ಹಾಕಿಕೊಂಡು ಏರಿನ ನಡುವೆ ಪೂರ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು ಮೊದಲ ಗೇರಿನಲ್ಲಿ ಎಷ್ಟು ಕಡಿಮೆ ಎಕ್ಸಲರೇಟರಿಗೆ ಗಾಡಿ ಹೊರಡುತ್ತದೆ, ಕ್ಲಚ್ ವಾಸನೆ ಬರುತ್ತದೆಯೇ ನೋಡಿ. ಹಲವು ಬಿಎಸ್6 ಡೀಸೆಲ್ಲುಗಳಲ್ಲಿ 1500 ಆರ್‌ಪಿಎಂ ಕೆಳಗೆ ಟರ್ಬೊ ಎದ್ದಿರುವುದಿಲ್ಲ, ಆ ಕೊರತೆ ನಿಮ್ಮ ಏರಿನಲ್ಲಿ ಕಾಡುತ್ತದೆಯೇ ಎಂಬುದು ಇಲ್ಲೇ ಗೊತ್ತಾಗಬೇಕು. ಅದೇ ಇಳಿಜಾರನ್ನು ಎರಡನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಿರಿ. ವೇಗ ಏರುತ್ತಲೇ ಹೋದರೆ ಒಂದನೇ ಗೇರು, ಲೋ ರೇಂಜ್ ಬೇಕಾಗುತ್ತದೆ.

ಕೊನೆಗೆ ಸೇಲ್ಸ್‌ನವರನ್ನು ಬಿಟ್ಟು ವರ್ಕ್‌ಶಾಪಿನವರನ್ನು ಕೇಳಿ: ನಿಮ್ಮ ಊರಿಗೆ ಹತ್ತಿರದ ಸರ್ವೀಸ್ ಸೆಂಟರಿನಲ್ಲಿ ಡಿಪಿಎಫ್ ಸುಡಿಸುವ ಸ್ಕ್ಯಾನರ್ ಇದೆಯೇ, ಡೀಸೆಲ್ ಫಿಲ್ಟರ್ ದಾಸ್ತಾನಿದೆಯೇ, ಇಂಜೆಕ್ಟರ್ ಎಷ್ಟು ದಿನದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಗಾಡಿ ನಿಂತರೆ ಅಲ್ಲಿಗೆ ಎಳೆದುಕೊಂಡು ಹೋಗಲು ಎಷ್ಟು ಕಿಲೋಮೀಟರ್ ಎಂಬುದನ್ನೂ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡು ಆಮೇಲೆ ಮುಂಗಡ ಕೊಡಿ.